ಓಬಳಮ್ಮನ ಕಿವಿ, ಮಂಗಮ್ಮನ ಕೈ

ಹುಳುಗಳೆಲ್ಲ ಹಣ್ಣಾಗಿ, ಬಿದಿರು ತಟ್ಟಿಯ ಚಂದ್ರಿಕೆ ಹತ್ತಿ, ಬಾಯಿ ಮುಚ್ಚಿಕೊಂಡು ಗೂಡು ಕಟ್ಟಲು ಕುಳಿತ ಮೇಲೂ ಓಬಳಮ್ಮನ ಕಿವಿಯೊಳಗೆ ಮಾತ್ರ ಅವು ಸೊಪ್ಪು ತಿನ್ನುವುದನ್ನು ನಿಲ್ಲಿಸಲಿಲ್ಲ.

ರೇಷ್ಮೆ ಹುಳು ಸಾಕಿದ ಮನೆಯವರಿಗೆ ಆ ಸದ್ದು ಗೊತ್ತು. ಪೊರೆ ಬಿಡುವುದಕ್ಕೆ ದಿಬ್ಬೂರಹಳ್ಳಿಯ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವೆಂದರೆ ಮದುವೆ ಮನೆಯ ಕೊನೇ ಪಂಕ್ತಿಯವರ ಹಸಿವು. ತಟ್ಟೆಗೆ ಸೊಪ್ಪು ಬೀಳುವುದೇ ತಡ, ಹೆಂಚಿನ ಮೇಲೆ ಸೋನೆ ಹಿಡಿದಂತೆ ಸರಸರ ಸದ್ದು ಶುರು. ಮನೆಮಂದಿ ಅದರ ಮೇಲೆಯೇ ಗಂಟಲೆತ್ತಿ ಮಾತಾಡುತ್ತಾರೆ, ಜಗಳವಾಡುತ್ತಾರೆ. ಹುಳುಗಳು ಚಂದ್ರಿಕೆ ಹತ್ತಿದ ದಿನ ಮನೆ ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ಆದರೂ ಅಭ್ಯಾಸಬಲದಿಂದ ಒಂದು ದಿನ ಎಲ್ಲರೂ ಕೂಗಿಕೊಂಡೇ ಇರುತ್ತಾರೆ.

ಆ ಸಲವೂ ಹಾಗೆಯೇ ಆಯಿತು. ಕಿರಿಮಗ ಗಂಗುಲಪ್ಪ ಪಡಸಾಲೆಯಿಂದ, "ಅಮ್ಮಾ, ಊಟಕ್ಕಿಕ್ಕೂ!" ಎಂದು ಅರಚಿ, ತನ್ನ ದನಿ ತನಗೇ ದೊಡ್ಡದೆನಿಸಿ ನಾಲಗೆ ಕಚ್ಚಿಕೊಂಡ. ಸೊಸೆ ಮಂಗಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅವಳ ಗಂಡ, ಹಿರಿಮಗ ಕೊಂಡಪ್ಪ, ಮೀಸೆಯೊಳಗೇ ನಕ್ಕ. ಓಬಳಮ್ಮ ನಗಲಿಲ್ಲ. ಇವರೆಲ್ಲ ಯಾಕೆ ನಗುತ್ತಿದ್ದಾರೆಂದು ಅವಳಿಗೆ ತಿಳಿಯಲಿಲ್ಲ. ಅವಳ ಪಾಲಿಗೆ ಸದ್ದು ನಿಂತೇ ಇರಲಿಲ್ಲ.

ಎದ್ದು ಹುಳುಮನೆಗೆ ಹೋಗಿ ನೋಡಿದಳು. ಗೋಡೆಗೆ ಒರಗಿಸಿದ ಬಿದಿರಿನ ಚಂದ್ರಿಕೆಗಳ ತುಂಬ ಹಳದಿ ಗೂಡು. ಖಾಲಿ ತಟ್ಟೆಗಳಲ್ಲಿ ಒಣಗಿದ ದಂಟು. ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿದಳು. ಸರಸರ ನಿಲ್ಲಲಿಲ್ಲ. ಯಾವುದೋ ತಟ್ಟೆಯಲ್ಲಿ ಒಂದಷ್ಟು ಹುಳ ಹಿಂದೆ ಬಿದ್ದಿರಬೇಕು, ಕಣ್ಣಿಗೆ ಕಾಣುತ್ತಿಲ್ಲ ಎಂದುಕೊಂಡು ಮೂಲೆಯ ತಟ್ಟೆಗೆ ಒಂದು ಹಿಡಿ ಸೊಪ್ಪು ಉದುರಿಸಿ ಬಂದಳು.

ಬೆಳಿಗ್ಗೆ ಮಂಗಮ್ಮ ಆ ಬಾಡಿದ ಸೊಪ್ಪನ್ನು ಮೊರದಲ್ಲಿ ತಂದು ತೋರಿಸಿದಳು. "ಇದ್ಯಾರಿಗೆ ಅತ್ತೆ ನೈವೇದ್ಯ? ಹುಳ ಒಂದೂ ಇಲ್ವಲ್ಲ ಆ ತಟ್ಟೇಲಿ."

"ನಾನಿಕ್ದೆ, ಏನೀಗ? ನಿನ್ನ ತವರುಮನೆ ತೋಟದ ಸೊಪ್ಪಾ?" ಎಂದಳು ಓಬಳಮ್ಮ.

ಮಂಗಮ್ಮನ ತವರು ಕೈವಾರ. ಅವಳು ಬಾಯಿ ತೆರೆದರೆ ಕೈವಾರದಲ್ಲಿ ಹಾಗೆ, ಕೈವಾರದಲ್ಲಿ ಹೀಗೆ. ಓಬಳಮ್ಮನಿಗೆ ಅದನ್ನು ಕೇಳಿದರೆ ಹಲ್ಲು ಹಲ್ಲು ಕೂಡುತ್ತಿತ್ತು. ಬಯ್ಯುತ್ತಿರಲಿಲ್ಲ. ಬಯ್ದರೆ ಕೊಂಡಪ್ಪನ ಮುಖ ಊದುತ್ತದೆ. ಬಾಯಿಗೆ ಬಂದದ್ದನ್ನು ದವಡೆಯಲ್ಲೇ ಅಮುಕಿ ಇಟ್ಟುಕೊಳ್ಳುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಕಲಿತ ಸಂಸಾರ ಇದು.

ಆ ಮಧ್ಯಾಹ್ನ ಮುದ್ದೆಯಾದ ಮೇಲೆ ಹುರಿದ ಕಡಲೆಕಾಯಿ ಸುತ್ತಿ ಬಂತು. ಓಬಳಮ್ಮನ ಎಡಗಡೆಯ ದವಡೆಹಲ್ಲುಗಳನ್ನು ಯಾವತ್ತೋ ಕಿತ್ತಾಗಿತ್ತು. ಅಗಿಯುವುದೆಲ್ಲ ಬಲಕ್ಕೇ. ಅಡಕತ್ತರಿ ಕೈಗೆ ಸಿಗದಿದ್ದರೆ ಇಡೀ ಅಡಿಕೆಯನ್ನೂ ಆ ಬಲದವಡೆಗೇ ಕೊಟ್ಟು ಒಡೆಯುತ್ತಿದ್ದಳು. ಈಚೆಗೆ ಅಗಿದಾಗಲೆಲ್ಲ ಕಿವಿಯ ಬುಡದಲ್ಲಿ ಟಕ್, ಟಕ್. ತನಗೊಬ್ಬಳಿಗೇ ಕೇಳಿಸುತ್ತದೆ ಎಂದುಕೊಂಡಿದ್ದಳು.

ಗಂಗುಲಪ್ಪನಿಗೂ ಕೇಳಿಸಿತು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಅವನು ಪಾಠ ಎಷ್ಟು ಕಲಿತಿದ್ದನೋ, ಪಾಠ ಹೇಳುವವರ ದನಿಯನ್ನಂತೂ ಪೂರ್ತಿ ಕಲಿತಿದ್ದ. ಸಿಗದ ಬಸ್ಸಿನ ಕಂಡಕ್ಟರು, ಸಿಕ್ಕಿದ ಲೆಕ್ಚರರು, ಬಾವಿಯ ಪಂಪ್‌ಸೆಟ್ಟು, ಯಾರ ಅಣಕವನ್ನೂ ಬಿಡುತ್ತಿರಲಿಲ್ಲ. ಈಗ ಬಾಯಿಯನ್ನು ಮೊದಲು ಎಡಕ್ಕೆ ಜಾರಿಸಿ, ನಾಲಗೆಯಲ್ಲಿ ಟಕ್ ಎನ್ನಿಸಿ, ಆಮೇಲೆ ಬಲಕ್ಕೆ ತಂದು, ಕಣ್ಣು ಸಣ್ಣಗೆ ಮಾಡಿ ಕಡಲೆಕಾಯಿ ಅಗಿದ. ಥೇಟ್ ಓಬಳಮ್ಮ.

ಮಂಗಮ್ಮನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಕೊಂಡಪ್ಪ, "ಲೇ, ಊರ್ಕೋರಾ!" ಎಂದು ತೆಲುಗಿನಲ್ಲಿ, ಸುಮ್ಮನಿರೆಂದು ಗದರುತ್ತಲೇ ನಕ್ಕುಬಿಟ್ಟ.

"ನಗ್ರಪ್ಪ, ನಗ್ರಿ. ಹೆತ್ತವಳ ಹಲ್ಲು ಬಿದ್ರೆ ನಿಮಗೆ ನಾಟ್ಕ," ಎಂದು ಓಬಳಮ್ಮ ಕಡಲೆಕಾಯಿಯ ಬುಟ್ಟಿ ದೂಡಿ ಎದ್ದಳು. ಆಮೇಲೆ ಅವಳು ಮನೆಯಲ್ಲಿ ಕಡಲೆಕಾಯಿ ಮುಟ್ಟಲಿಲ್ಲ. ಅದನ್ನು ಗಮನಿಸಿದವಳು ಮಂಗಮ್ಮ ಒಬ್ಬಳೇ.

*

ಆ ಮನೆಯಲ್ಲಿ ಗೂಡು ಬಿಡಿಸುವ ದಿನಕ್ಕೆ ಒಂದು ಕ್ರಮವಿತ್ತು. ಹುಳ ಚಂದ್ರಿಕೆ ಹತ್ತಿದ ಐದನೇ ದಿನ ಬಿಡಿಸಬಹುದೆಂದು ರೇಷ್ಮೆ ಇಲಾಖೆಯವರು ಹೇಳಿಹೋಗಿದ್ದರು. ಮಂಗಮ್ಮನ ಕೈವಾರದಲ್ಲೂ ಹಾಗೇ. ಓಬಳಮ್ಮನ ಮನೆಯಲ್ಲಿ ಕ್ಯಾಲೆಂಡರ್ ಅಲ್ಲ, ಕಿವಿ. ಅವಳು ಹುಳುಮನೆಯಲ್ಲಿ ಮಣೆ ಹಾಕಿಕೊಂಡು ಕೂರುವಳು. ರೇಡಿಯೋ ಬಾಯಿ ಮುಚ್ಚಬೇಕು, ಒಲೆಯ ಮೇಲಿನ ಸಾರು ಇಳಿಯಬೇಕು. ಒಂದೊಂದು ಚಂದ್ರಿಕೆಯಿಂದ ಒಂದೊಂದು ಗೂಡು ಕಿತ್ತು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು. ಒಳಗಿನ ಹುಳ ಮೈ ಬದಲಿಸಿ ಗಟ್ಟಿಯಾಗಿದ್ದರೆ ಟೊಕ್ ಟೊಕ್ ಎಂದು ಗೋಡೆಗೆ ತಾಗುತ್ತದೆ. ಇನ್ನೂ ಹಸಿಯಾಗಿದ್ದರೆ ಒದ್ದೆ ಬಟ್ಟೆ ಬಡಿದಂತೆ ತಪ್ ತಪ್ ಎನ್ನುತ್ತದೆ. ಸುಣ್ಣಕಟ್ಟು ರೋಗ ಬಂದು ಸತ್ತಿದ್ದರೆ ಬೆಣಚುಕಲ್ಲಿನ ಹಾಗೆ ಕಣಕಣ. ಅವಳು "ಬಿಡಿಸ್ರಿ" ಎಂದ ಮೇಲೆಯೇ ಕೈ ಹಾಕಬೇಕು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿತ್ತು. ನೂಲು ತೆಗೆಸುವ ಅಬ್ದುಲ್ ರಹೀಮ್ ಸಾಬರು ಉಳಿದವರ ಗೂಡನ್ನು ಕೊಯ್ದು, ಮೂಸಿ, ಬೆಳಕಿಗೆ ಹಿಡಿದು ಹರಾಜು ಕೂಗುತ್ತಿದ್ದರು. ಕೊಂಡಪ್ಪ ಚೀಲ ಇಳಿಸಿದರೆ, "ಓಬಳಮ್ಮನ ಗೂಡಾ? ಅಕ್ಕನ ಕಿವಿ ನೋಡಿದ ಮೇಲೆ ನನ್ ಕಣ್ಣು ಯಾಕ್ ನೋಡ್ಬೇಕು?" ಎಂದು ಕಣ್ಣು ಮುಚ್ಚಿಕೊಂಡೇ ಕೂಗುತ್ತಿದ್ದರು.

ಆ ಕಾರ್ತಿಕದಲ್ಲಿ ಜಡಿ ಹಿಡಿದಿತ್ತು. ಐದನೇ ದಿನ ಬೆಳಿಗ್ಗೆಯೇ ಬಾಡಿಗೆ ಚಂದ್ರಿಕೆಯ ನಲ್ಲಪ್ಪ ಬಾಗಿಲಲ್ಲಿ ನಿಂತು, "ಮೇಲಿನ ಬೀದಿಯವ್ರ ಹುಳ ಹಣ್ಣಾಗವೆ. ಚಂದ್ರಿಕೆ ಇವತ್ತು ಕೊಡ್ತೀರೋ ಇಲ್ವೋ?" ಎಂದ.

ಓಬಳಮ್ಮ ಮಣೆಯ ಮೇಲೆ ಕುಳಿತಳು. ರೇಡಿಯೋ ನಿಂತಿತು. ಸಾರು ಇಳಿಯಿತು. ಗೂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಸರಸರ. ಇನ್ನೊಂದು. ಸರಸರ. ಎಡಗಿವಿಗೆ ಬದಲಿಸಿದಳು. ಹಲ್ಲು ಬಿಗಿ ಹಿಡಿದು ಮನಸ್ಸಿಟ್ಟು ಕೇಳಿದರೆ ಸದ್ದು ಇನ್ನೂ ಜೋರಾಯಿತು. ಹೊರಗೆ ಜಡಿ, ಒಳಗೆ ಜಡಿ. ಎದುರಿಗೆ ಮಗ, ಸೊಸೆ, ನಲ್ಲಪ್ಪ ಮೂವರೂ ಅವಳ ಮುಖ ನೋಡುತ್ತಿದ್ದರು.

"ಹೆಂಗೈತಮ್ಮ?" ಎಂದ ಕೊಂಡಪ್ಪ.

"ಚಳಿ ಐತೆ ಅತ್ತೆ, ಹುಳ ಗಟ್ಟಿಯಾಗೋದು ತಡ. ಇನ್ನೊಂದಿನ ನೋಡಣ ಅಂದ್ರೆ..." ಎಂದಳು ಮಂಗಮ್ಮ.

ಸೊಸೆ ಹಾಗೆ ಹೇಳದೆ ಇದ್ದಿದ್ದರೆ ಓಬಳಮ್ಮ ತಾನೇ ನಾಳೆ ಎನ್ನುತ್ತಿದ್ದಳೋ ಏನೋ.

"ಇವತ್ತೇ ಬಿಡಿಸ್ರಿ. ಟೊಕ್ ಟೊಕ್ ಅಂತೈತೆ," ಎಂದಳು.

*

ಮರುದಿನ ಕೊಂಡಪ್ಪ ಮಾರುಕಟ್ಟೆಯಿಂದ ಬಂದವನು ಖಾಲಿ ಚೀಲಗಳನ್ನು ಅಂಗಳಕ್ಕೆ ಎಸೆದ. ಎಸೆದ ರಭಸಕ್ಕೆ ಕೋಳಿಗಳು ಹಾರಿಹೋದವು.

"ಸಾಬ್ರು ಇವತ್ತು ಕಣ್ಣು ಬಿಟ್ರು," ಎಂದ. "ಚೀಲದಿಂದ ಸುರಿದಾಗ ಗೂಡೆಲ್ಲ ಕರೆ. ಕೊಯ್ದು ನೋಡಿದ್ರೆ ಒಳಗೆ ಹುಳ ಇನ್ನೂ ಬೆಣ್ಣೆ ಹಂಗೆ. ಒಂದರ ಮೇಲೊಂದು ಬಿದ್ದು ಒಡೆದೋಗವೆ. 'ಕ್ಯಾ ಹುವಾ ಕೊಂಡಪ್ಪ, ಅಕ್ಕ ಊರಲ್ಲಿರ್ಲಿಲ್ವಾ?' ಅಂದ್ರು. ಎಲ್ರೂ ನಕ್ರು. ನಾನೇನು ಹೇಳ್ಲಿ?"

ಓಬಳಮ್ಮನ ಕೈಯಲ್ಲಿ ರಾಗಿ ಹಿಟ್ಟಿನ ಜರಡಿ ಇತ್ತು. ಅದು ನಿಂತಿತು.

"ಕಿವಿ ಸರಿಯಾಗೇ ಹೇಳ್ತು," ಎಂದಳು. "ಬಿಡಿಸಿದ ಕೈ ಯಾವ್ದು ಅಂತ ಕೇಳು. ಗೂಡು ಬಿಡಿಸೋಕೂ ಹುಣಸೆಕಾಯಿ ಕೀಳೋಕೂ ವ್ಯತ್ಯಾಸ ಬ್ಯಾಡ್ವಾ? ಒತ್ತಿ ಒತ್ತಿ ಕಿತ್ರೆ ಒಳಗಿಂದು ಒಡೀದೆ ಇರ್ತದಾ?"

ಒಲೆಯ ಮುಂದಿದ್ದ ಮಂಗಮ್ಮ ಎದ್ದು ನಿಂತಳು. "ನಾನು ಒತ್ತಿದ್ನಾ ಅತ್ತೆ?"

"ನಾನೇನು ನಿನ್ನೆಸ್ರು ಹೇಳಿದ್ನಾ?"

"ಮನೇಲಿ ಇನ್ನೆಷ್ಟು ಕೈ ಐತೆ ಗೂಡು ಬಿಡ್ಸೋಕೆ?" ಎಂದಳು ಮಂಗಮ್ಮ. ಗಂಡನ ಕಡೆ ನೋಡಿದಳು. ಕೊಂಡಪ್ಪ ಚೀಲ ಮಡಿಸುವುದರಲ್ಲಿ ಇದ್ದಕ್ಕಿದ್ದಂತೆ ಬಹಳ ನಾಜೂಕಿನ ಮನುಷ್ಯನಾಗಿಬಿಟ್ಟಿದ್ದ. "ಆಯ್ತು ಬಿಡಿ. ಈ ಕೈ ಇನ್ಮೇಲೆ ಹುಳುಮನೆ ಹೊಸಲು ದಾಟಲ್ಲ. ಮುದ್ದೆ ತೊಳಸ್ತೀನಿ, ಬಟ್ಟೆ ಒಗೀತೀನಿ. ಹುಳ ನಿಮ್ದು, ಕಿವಿ ನಿಮ್ದು."

ಅಂದದ್ದನ್ನು ನಡೆಸಿಯೂ ಬಿಟ್ಟಳು. ಮುಂದಿನ ಬೆಳೆಗೆ ಮೊಟ್ಟೆ ತಂದಾಗ ಸೊಪ್ಪು ಕೊಯ್ದು, ಹೊರೆ ಹೊತ್ತು ತಂದು ಹುಳುಮನೆಯ ಹೊಸ್ತಿಲ ಈಚೆಗೆ ಹಾಕುತ್ತಿದ್ದಳು. ಅಲ್ಲಿಂದಾಚೆ ಓಬಳಮ್ಮನ ರಾಜ್ಯ. ಸೊಪ್ಪು ಹೆಚ್ಚುವುದು, ತಟ್ಟೆ ತೆಗೆಯುವುದು, ಕಸ ಬಳಿಯುವುದು ಎಲ್ಲ ಅವಳೊಬ್ಬಳ ಸೊಂಟಕ್ಕೇ ಬಂತು. "ಅತ್ತಿಗೇನ ಕರಿಯಮ್ಮ," ಎಂದು ಗಂಗುಲಪ್ಪ ಹೇಳಿದರೆ, "ನಾನಾ? ಕರೀಬೇಕಾ?" ಎಂದು ದವಡೆ ಬಿಗಿಯುತ್ತಿದ್ದಳು. ಬಿಗಿದಷ್ಟೂ ಕಿವಿಯೊಳಗಿನ ಹುಳುಗಳಿಗೆ ಹಸಿವು.

*

ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡಳು. ಕಿವಿ ಜಿಡ್ಡಾಯಿತೇ ಹೊರತು ಸದ್ದು ಹೋಗಲಿಲ್ಲ. ಶಿಡ್ಲಘಟ್ಟದ ಸಂತೆಯಲ್ಲಿ ಕೆಂಪು ರುಮಾಲು ಕಟ್ಟಿ ಕಿವಿಯ ಗುಗ್ಗೆ ತೆಗೆಯುವವನೊಬ್ಬ ಅವಳ ಕಿವಿಯಿಂದ ಹುರುಳಿಕಾಳಿನಷ್ಟು ದೊಡ್ಡ ಕಲ್ಲೊಂದನ್ನು ತೆಗೆದು ತೋರಿಸಿದ. ಅದು ಅವನ ಅಂಗೈಯಲ್ಲೇ ಹುಟ್ಟಿದ್ದೆಂದು ಅವಳಿಗೆ ಅನುಮಾನ ಬಂದರೂ, ಹುಡುಗರು ಬಯ್ಯುತ್ತಾರೆಂದು ಯಾರಿಗೂ ಹೇಳಲಿಲ್ಲ.

ಕಿವಿಯ ಸದ್ದಿನ ವಿಷಯ ಹೇಳದೆ ಇರುವುದಕ್ಕೆ ಇನ್ನೊಂದು ಕಾರಣವಿತ್ತು. ಅವಳ ಅತ್ತೆ ಅಕ್ಕಯ್ಯಮ್ಮ ಕಡೆಗಾಲದಲ್ಲಿ ಪೂರ್ತಿ ಕಿವುಡಾಗಿದ್ದಳು. ಹುಳುಮನೆಯ ಮಣೆ ಆಗ ಅಕ್ಕಯ್ಯಮ್ಮನದು. ಒಂದು ದಿನ ಓಬಳಮ್ಮ ಆ ಮಣೆಯನ್ನು ಎತ್ತಿ ತನ್ನ ಕೆಳಗೆ ಹಾಕಿಕೊಂಡಳು, ಅಷ್ಟೆ. ಮುದುಕಿ ಬಾಗಿಲ ಪಕ್ಕದ ಜಗಲಿಗೆ ಹೋದಳು. ಊಟದ ತಟ್ಟೆ ಅಲ್ಲಿಗೇ ಹೋಗುತ್ತಿತ್ತು. "ಕೆಪ್ಪಿಗೆ ಎರಡು ಮುದ್ದೆ ಯಾಕೆ?" ಎಂದು ಓಬಳಮ್ಮ ಅವಳ ಮುಂದೆಯೇ ಅನ್ನುತ್ತಿದ್ದಳು. ಮುದುಕಿ ಏನೋ ಒಳ್ಳೆಯ ಮಾತು ಎಂದುಕೊಂಡು ತಲೆಯಾಡಿಸುತ್ತಿದ್ದಳು. ಈಗ ಓಬಳಮ್ಮ ಆ ಜಗಲಿಯ ಕಡೆ ನೋಡದೆಯೇ ಬಾಗಿಲು ದಾಟುತ್ತಿದ್ದಳು.

ಒಂದು ಮಧ್ಯಾಹ್ನ ಮಂಗಮ್ಮ ಒಲೆಯಿಂದಲೇ ಏನೋ ಕೇಳಿದಳು. ಉತ್ತರ ಬರಲಿಲ್ಲ. ಹತ್ತಿರ ಬಂದು, "ಕೇಳಿಸ್ಲಿಲ್ವಾ ಅತ್ತೆ? ಮುದ್ದೆಗೆ ಸೊಪ್ಪಿನ ಸಾರು ಸಾಕಾ ಅಂದೆ," ಎಂದಳು.

"ಯಾರೇ ಕೆಪ್ಪಿ? ಯಾರಿಗೇ ಕೇಳಿಸ್ಲಿಲ್ಲ?" ಓಬಳಮ್ಮನ ದನಿಗೆ ಬೀದಿಯ ನಾಯಿ ಎದ್ದು ನಿಂತಿತು. "ನನ್ ಕಿವಿ ಮೇಲೆ ನಿಂಗ್ಯಾಕೇ ಕಣ್ಣು?"

ಮಂಗಮ್ಮ ಅಲ್ಲಿಂದ ಹೊರಟು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಮೈದುನನ ಹತ್ತಿರ ನಿಂತಳು. ರಜೆಯ ದಿನ ಅವನಿಗೆ ಮಧ್ಯಾಹ್ನವೇ ಬೆಳಗು.

"ಗಂಗೂ, ನಿಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡೋಗು. ಬಲಗೆನ್ನೆ ಮೇಲೆ ಸದಾ ಕೈ. ಕಡಲೆಕಾಯಿ ಬಿಟ್ರು, ಅಡಿಕೆ ಬಿಟ್ರು. ಮುದ್ದೆ ನುಂಗ್ತಾರೆ, ಅಷ್ಟೇ. ಹಬ್ಬದ ದಿನ ಒಬ್ಬಟ್ಟನ್ನೂ ಹಾಲಲ್ಲಿ ನೆನೆಸ್ಕೊಂಡು ತಿಂದ್ರು. ಏನೋ ಐತೆ."

"ನೀವೇ ಹೇಳಿ ಅತ್ತಿಗೆ."

"ನಾನು ಹೇಳಿದ್ರೆ ಸಾಯೋಗಂಟ ಹೋಗಲ್ಲ. ನಾನು ಹೇಳಿದ್ದು ಅಂತ್ಲೂ ಹೇಳ್ಬೇಡ."

*

ಗಂಗುಲಪ್ಪ ಕೈವಾರದ ಹೆಸರು ಹೇಳಿದ. ತಾತಯ್ಯನ ಮಠಕ್ಕೆ ಕೈಮುಗಿದು ಬರೋಣ, ನನ್ನ ಪರೀಕ್ಷೆ ಹತ್ತಿರ ಬಂತು ಎಂದ. ಪರೀಕ್ಷೆ ಹತ್ತಿರ ಬಂದಿದ್ದು ಸುಳ್ಳಲ್ಲ, ಇವನು ಅದರ ಹತ್ತಿರ ಹೋಗಿರಲಿಲ್ಲ. ಚಿಂತಾಮಣಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿದವನು ಅವಳನ್ನು ಕೈವಾರದ ಬಸ್ಸು ಹತ್ತಿಸದೆ, ಒಂದು ಮಹಡಿಯ ಮೆಟ್ಟಿಲು ಹತ್ತಿಸಿದ. ಬೋರ್ಡಿನ ಮೇಲೆ ದೊಡ್ಡದೊಂದು ಕಿವಿಯ ಚಿತ್ರ.

"ಇದ್ಯಾವ ದೇವ್ರೋ?"

"ಕಿವಿ ಕೇಳೋ ದೇವ್ರಮ್ಮ. ನಡಿ."

ಡಾಕ್ಟರಮ್ಮ ಕಿವಿಗೆ ಲೈಟು ಬಿಟ್ಟು ನೋಡಿದಳು. ಕವಲೊಡೆದ ಉಕ್ಕಿನ ಸಲಾಕೆಯೊಂದನ್ನು ಮೊಣಕೈಗೆ ಬಡಿದು ಕಿವಿಯ ಮುಂದೆ, ಕಿವಿಯ ಹಿಂದಿನ ಮೂಳೆಯ ಮೇಲೆ, ನೆತ್ತಿಯ ಮೇಲೆ ಇಟ್ಟಳು. ಬೆನ್ನ ಹಿಂದೆ ನಿಂತು ಪಿಸುಗುಟ್ಟಿದಳು. ಓಬಳಮ್ಮ ಒಂದೊಂದಕ್ಕೂ ಸರಿಯಾಗಿ ಉತ್ತರ ಹೇಳಿದಳು.

"ಕಿವಿ ಚೆನ್ನಾಗಿದೆಯಲ್ಲಮ್ಮ. ಏನು ತೊಂದರೆ?"

"ತೊಂದ್ರೆ ಏನಿಲ್ಲ ತಾಯಿ. ಈ ಹುಡುಗ ಸುಮ್ನೆ ಕರ್ಕೊಂಡು ಬಂದ," ಎಂದು ಓಬಳಮ್ಮ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

"ಒಂದ್ನಿಮಿಷ ಮೇಡಂ," ಎಂದ ಗಂಗುಲಪ್ಪ. "ನಮ್ಮಮ್ಮ ಊಟ ಮಾಡೋದು ಹೀಗೆ." ಬಾಯಿ ಎಡಕ್ಕೆ ಜಾರಿಸಿದ, ಟಕ್ ಎನ್ನಿಸಿದ, ಬಲಕ್ಕೆ ತಂದ, ಕಣ್ಣು ಸಣ್ಣಗೆ ಮಾಡಿದ. "ಅತ್ತಿಗೆ ಮಾತಾಡ್ದಾಗ ಕೂತ್ಕೊಳ್ಳೋದು ಹೀಗೆ." ದವಡೆ ಬಿಗಿದು ಕಪಾಳದ ನರ ಎಬ್ಬಿಸಿದ.

"ಥೂ, ಮುಚ್ಚೋ ಬಾಯಿ!" ಎಂದಳು ಓಬಳಮ್ಮ.

ಡಾಕ್ಟರಮ್ಮ ನಗಲಿಲ್ಲ. "ಇನ್ನೊಂದು ಸಲ ಮಾಡಪ್ಪ," ಎಂದಳು. ಅವನು ಮಾಡಿದ. ಆಕೆ ಓಬಳಮ್ಮನನ್ನು ಮತ್ತೆ ಕೂರಿಸಿ, ಎರಡು ಕಿವಿಗಳ ಮುಂದೆಯೂ ಒಂದೊಂದು ಬೆರಳಿಟ್ಟು, "ಬಾಯಿ ತೆಗೀರಿ. ಮುಚ್ಚಿ," ಎಂದಳು. ಟಕ್. ಬಲಗಡೆ ಸ್ವಲ್ಪ ಒತ್ತಿದಾಗ ಓಬಳಮ್ಮ, "ಅಯ್ಯೋ ದೇವುಡಾ!" ಎಂದು ಕೂಗಿದಳು.

"ಈಗ ಹಲ್ಲು ಬಿಗಿಯಾಗಿ ಕಚ್ಚಿ. ಕಿವೀಲಿ ಸದ್ದೇನಾದ್ರೂ ಇದೆಯಾ? ಕಚ್ಚಿದಾಗ ಹೆಚ್ಚಾಗುತ್ತಾ?"

ಓಬಳಮ್ಮ ಕಚ್ಚಿದಳು. ಬಿಟ್ಟಳು. ಮತ್ತೆ ಕಚ್ಚಿದಳು. ಅವಳ ಕಣ್ಣು ದೊಡ್ಡದಾಯಿತು. ಇಷ್ಟು ದಿನ ಯಾರಿಗೂ ಹೇಳದ್ದನ್ನು ಈಕೆ ಬೆರಳಿಟ್ಟು ತೆಗೆದಂತಾಗಿತ್ತು.

"ಕಚ್ಚಿದ್ರೆ ತಟ್ಟೆಗೆ ಹೊಸ ಸೊಪ್ಪು ಹಾಕ್ದಂಗಾಗ್ತದೆ ತಾಯಿ. ಬಿಟ್ರೆ ಹಳೇ ಸೊಪ್ಪು ತಿಂದಂಗೆ."

ಡಾಕ್ಟರಮ್ಮ ಬಿಡಿಸಿ ಹೇಳಿದಳು. ದವಡೆಯ ಕೀಲು ಇರುವುದು ಕಿವಿಯ ಮುಂದೆಯೇ, ಒಂದೇ ಗೋಡೆಯ ಎರಡು ಮನೆಯ ಹಾಗೆ. ಈ ಮನೆಯ ಬಾಗಿಲ ಕೀಲು ಕೆಟ್ಟರೆ ಆ ಮನೆಯವರಿಗೆ ನಿದ್ದೆಯಿಲ್ಲ. ಒಂದೇ ಕಡೆ ಅಗಿದು, ಅಡಿಕೆ ಒಡೆದು, ಹಗಲೂ ರಾತ್ರಿ ಹಲ್ಲು ಬಿಗಿದು ಕೀಲು ನೊಂದಿದೆ. ಎಲ್ಲರ ಕಿವಿಯ ಸದ್ದೂ ದವಡೆಯಿಂದ ಬರುವುದಿಲ್ಲ, ಇವರದು ಬಂದಂತೆ ಕಾಣುತ್ತದೆ.

"ಹಂಗಾರೆ ನಾನು ಕಿವುಡಿ ಆಗಲ್ವಾ?"

"ಈ ಕಾಯಿಲೆಯಿಂದ ಆಗಲ್ಲ. ಆದ್ರೆ ಸದ್ದು ಜೋರಾಗಿರೋವಾಗ ತೀರಾ ಸಣ್ಣ ಸಪ್ಪಳ ಅದರಲ್ಲಿ ಮುಳುಗಿಹೋಗಬಹುದು. ಹಾಗೇನಾದ್ರೂ ಆಗಿದೆಯಾ?"

ಓಬಳಮ್ಮ ಮಗನ ಕಡೆ ನೋಡಲಿಲ್ಲ. "ಹೋದ ಬೆಳೇಲಿ ಗೂಡು ಕೇಳಿಸ್ಲಿಲ್ಲ," ಎಂದಳು, ಮೆಲ್ಲಗೆ.

ಚಿಕ್ಕಬಳ್ಳಾಪುರದ ಹಲ್ಲಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟಳು ಆಕೆ. ಕೆಳಗಿಳಿದ ಮೇಲೆ ತಾಯಿ ಮಗ ನಿಜವಾಗಿಯೂ ಕೈವಾರಕ್ಕೆ ಹೋದರು. ಕೈಮುಗಿದರು, ಪ್ರಸಾದ ತಿಂದರು. ವಾಪಸಿನ ಬಸ್ಸಿನಲ್ಲಿ ಗಂಗುಲಪ್ಪ ಕಿಟಕಿಯಾಚೆ ನೋಡುತ್ತ ಕುಳಿತವನು, "ಕೇಳಿಸ್ದೇನೇ ಬಿಡಿಸಿ ಅಂದ್ಯಾ ಅಮ್ಮ?" ಎಂದ.

"ಹ್ಞೂಂ."

"ಆಮೇಲೆ ಅತ್ತಿಗೆ ತಲೆಗೆ ಕಟ್ಟಿದ್ಯಲ್ಲ."

"ಯಾರಿಗೂ ಹೇಳ್ಬೇಡ ಕಣೋ ನಾಯ್ನಾ."

"ಹೇಳಲ್ಲ," ಎಂದ. ಸ್ವಲ್ಪ ದೂರ ಹೋದ ಮೇಲೆ, "ನಿನ್ನ ಆಸ್ಪತ್ರೆಗೆ ಕರ್ಕೊಂಡೋಗು ಅಂದಿದ್ದೂ ಅವ್ರೇ," ಎಂದ. ಅದನ್ನೂ ಹೇಳಬಾರದೆಂದು ಮಾತು ಕೊಟ್ಟಿದ್ದ. ಎರಡರಲ್ಲಿ ಒಂದನ್ನಾದರೂ ಮುರಿಯದಿದ್ದರೆ ಅವನಿಗೆ ಉಸಿರಾಡುವುದು ಕಷ್ಟವಾಗಿತ್ತು.

*

ಚಿಕ್ಕಬಳ್ಳಾಪುರದ ಹಲ್ಲಿನ ಡಾಕ್ಟರು ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ಹಲ್ಲಿನ ಅಚ್ಚು ತೆಗೆದುಕೊಂಡು, ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ಕೊಬ್ಬರಿ ಹೋಳಿನಂಥ ಒಂದು ತಟ್ಟೆ ಮಾಡಿಸಿಕೊಟ್ಟ. ಎರಡು ಹೊತ್ತು ಬಿಸಿನೀರಿನ ಬಟ್ಟೆ ಶಾಖ. ಅಡಿಕೆ ಬಂದ್. ಬಾಯಿ ಅಗಲಿಸಿ ಆಕಳಿಸುವುದು ಬಂದ್. ಮೆತ್ತಗಿನ ಊಟ ಎಂದ.

"ಮುದ್ದೆ ತಿನ್ಬೋದಾ?"

"ಅಗಿಯೋದು ಕಷ್ಟ ಆಗುತ್ತೇನಮ್ಮ?"

"ಮುದ್ದೆ ಯಾರಾದ್ರೂ ಅಗೀತಾರಾ ಸ್ವಾಮಿ? ನಿಮ್ದು ಯಾವೂರು?"

"ತುಟಿ ಮುಚ್ಚಿರಲಿ, ಹಲ್ಲು ಮಾತ್ರ ಒಂದಕ್ಕೊಂದು ತಾಗಬಾರದು. ಸಿಟ್ಟು ಬಂದಾಗ ಹಲ್ಲು ಕಚ್ಚಬೇಡಿ," ಎಂದ ಹುಡುಗ ಡಾಕ್ಟರು. "ಸದ್ದು ಕಡಿಮೆಯಾಗುತ್ತೆ. ಪೂರ್ತಿ ನಿಲ್ಲುತ್ತೆ ಅಂತ ಮಾತ್ರ ಮಾತು ಕೊಡಲಾರೆ."

ಆಮೇಲಿನ ವಾರಗಳಲ್ಲಿ ಮನೆ ಬೇರೆ ಥರ ಆಯಿತು. ಮಂಗಮ್ಮ ಹೇಳದೆ ಕೇಳದೆ ಬಿಸಿನೀರಿನ ಚೊಂಬು, ಮಡಿಸಿದ ಬಟ್ಟೆ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ಹುಳುಮನೆಯಲ್ಲಿ ಅತ್ತೆ ಇದ್ದರೆ ಹೊಸ್ತಿಲ ಈಚೆಗೆ ಇಡುತ್ತಿದ್ದಳು. ಓಬಳಮ್ಮ ಡಾಕ್ಟರ ಮಾತಿನಂತೆ ಸಿಟ್ಟನ್ನು ದವಡೆಯಲ್ಲಿ ಇಟ್ಟುಕೊಳ್ಳುವುದನ್ನು ಬಿಟ್ಟು ಬಾಯಲ್ಲೇ ಆಡತೊಡಗಿದಳು. "ಸಾರಿಗೆ ಉಪ್ಪು ಕಿತ್ಕೊಂಡು ಹೋಗೈತೆ ಕಣೇ!"

"ನೀವೇ ಅಲ್ವಾ ಎರಡು ಸಲ ಹಾಕಿದ್ದು?" ಎನ್ನುತ್ತಿದ್ದಳು ಮಂಗಮ್ಮ.

"ನಾನಾ?"

"ಮತ್ತೆ ನಾನಾ?"

ಕೊಂಡಪ್ಪನಿಗೆ ಗಾಬರಿ. "ಇದೇನಮ್ಮ, ದಿನಾ ಜಗಳ?"

"ಔಷಧಿ ಕಣೋ," ಎನ್ನುತ್ತಿದ್ದಳು ಓಬಳಮ್ಮ.

ಸದ್ದು ನಿಜಕ್ಕೂ ಇಳಿಯಿತು. ಬೆಳಗಿನ ಹೊತ್ತು ಕೆಲವೊಮ್ಮೆ ಒಂದೇ ತಟ್ಟೆಯಷ್ಟು, ಕೊನೇ ಜ್ವರಕ್ಕೆ ಕೂತ ಹುಳುವಿನಷ್ಟು. ಆದರೆ ಒಂದು ವಿಷಯ ಅವಳನ್ನು ಕೊರೆಯುತ್ತಿತ್ತು. ಗಂಗುಲಪ್ಪ ಅವಳ ಅಣಕ ಮಾಡುವುದನ್ನು ನಿಲ್ಲಿಸಿದ್ದ. ಅಣ್ಣನ ನಡಿಗೆ ಮಾಡುತ್ತಿದ್ದ, ನಲ್ಲಪ್ಪನ ಕೆಮ್ಮು ಮಾಡುತ್ತಿದ್ದ, ಮಂಗಮ್ಮ ಕೈವಾರ ಎನ್ನುವ ರಾಗವನ್ನೂ ಮಾಡುತ್ತಿದ್ದ. ತಾಯಿಯ ಮುಂದೆ ಬಂದಾಗ ಮಾತ್ರ ತಟ್ಟೆ ನೋಡಿಕೊಂಡು ಊಟ ಮಾಡಿ ಏಳುತ್ತಿದ್ದ.

"ಯಾಕೋ, ನಾನು ನಿನಗೆ ಬ್ಯಾಡ್ವಾ?" ಎಂದಳು ಒಂದು ದಿನ.

"ಮಾಡಕ್ಕೆ ಹೋದ್ರೆ ನೀನು ಹೇಳ್ಬೇಡ ಅಂದಿದ್ದೇ ಬಾಯಿಗೆ ಬರ್ತದಮ್ಮ," ಎಂದ ಅವನು.

*

ಸಂಕ್ರಾಂತಿ ಹತ್ತಿರ ಬಂದಾಗ ಆ ಬೆಳೆಯ ಹುಳು ಹಣ್ಣಾಯಿತು. ಚಳಿಯೆಂದರೆ ನಂದಿಬೆಟ್ಟವೇ ಇಳಿದು ಅಂಗಳಕ್ಕೆ ಬಂದು ಕೂತಂಥ ಚಳಿ. ಐದನೇ ದಿನ ನಲ್ಲಪ್ಪ ಚಂದ್ರಿಕೆ ಕೇಳಿಕೊಂಡು ಬಂದ. ಅದೇ ಹೊತ್ತಿಗೆ ರಹೀಮ್ ಸಾಬರೂ ಬಂದರು. ಸಾದಲಿಯ ಕಡೆ ನೆಂಟರ ಮನೆಯ ಮದುವೆ ಮುಗಿಸಿಕೊಂಡು ಹೋಗುವಾಗ ಸ್ಕೂಟರು ಈ ಕಡೆ ತಿರುಗಿಸಿದ್ದರು.

"ಕೊಳ್ಳೋದು ಮಾರುಕಟ್ಟೇಲೇ ಅಕ್ಕ. ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ," ಎಂದರು. ಹಿಂದೆ ಕಣ್ಣು ಮುಚ್ಚಿ ಕೊಳ್ಳುತ್ತಿದ್ದವರು ಈಗ ಕಣ್ಣು ಬಿಟ್ಟು ಮನೆಯವರೆಗೂ ಬಂದಿದ್ದಾರೆಂದು ಎಲ್ಲರಿಗೂ ಅರ್ಥವಾಯಿತು. ಮಂಗಮ್ಮ ಟೀ ಕೊಟ್ಟು ಅಡಿಗೆಮನೆಗೆ ಹೋದಳು.

"ಕ್ಯಾಲೆಂಡರ್ ಪ್ರಕಾರ ಇವತ್ತು ಬಿಡಿಸ್ಬೋದು," ಎಂದ ಕೊಂಡಪ್ಪ. "ನೀನೇನಂತೀಯಮ್ಮ?"

ಓಬಳಮ್ಮ ಮಣೆಯ ಮೇಲೆ ಕುಳಿತಳು. ರೇಡಿಯೋ ನಿಂತಿತು. ಗೂಡು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಸರಸರ ಬಹಳ ಮೆಲ್ಲಗಿತ್ತು, ಆದರೂ ಇತ್ತು. ಅದರಡಿಯಲ್ಲಿ ಏನೋ ತಾಗಿದಂತಾಯಿತು. ಟೊಕ್ ಟೊಕ್ಕೋ ತಪ್ ತಪ್ಪೋ ಹೇಳಲಾಗಲಿಲ್ಲ. ಹೇಳಿಬಿಡಬಹುದಿತ್ತು. ಎರಡರಲ್ಲಿ ಒಂದು ಸರಿಯಾಗಿಯೂ ಇರುತ್ತಿತ್ತು.

ಗಂಗುಲಪ್ಪ ಬಾಗಿಲ ಹತ್ತಿರ ನಿಂತು ಅವಳನ್ನೇ ನೋಡುತ್ತಿದ್ದ.

"ಮಂಗಮ್ಮಾ," ಎಂದಳು ಓಬಳಮ್ಮ. "ಬಾರೇ ಇಲ್ಲಿ."

ಮಂಗಮ್ಮ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಈಚೆಗೆ ನಿಂತಳು. ಆಡಿದ ಮಾತು ಆಡಿದ್ದೇ. ಕಾಲು ಒಳಗಿಡಲಿಲ್ಲ.

ಓಬಳಮ್ಮ ಮಣೆ ಬಿಟ್ಟು ಎದ್ದಳು. ಮೊಣಕಾಲಿನ ಮೇಲೆ ಕೈಯೂರಿ, ಗೂಡು ಹಿಡಿದುಕೊಂಡು ಹೊಸ್ತಿಲವರೆಗೂ ಬಂದಳು. "ಸಾಬ್ರೇ, ನೀವೂ ಕೇಳಿಸ್ಕಳಿ. ಕಾರ್ತಿಕದಲ್ಲಿ ನನಗೆ ಗೂಡು ಕೇಳಿಸ್ಲಿಲ್ಲ. ಕೇಳಿಸ್ತು ಅಂತ ಸುಳ್ಳೇಳ್ದೆ. ಇವಳು ಒಂದಿನ ತಡೀರಿ ಅಂದ್ಳು. ಇವಳ ಕೈ ಒತ್ತಲಿಲ್ಲ, ಏನಿಲ್ಲ. ನನ್ನ ಕಿವಿ ತಪ್ಪನ್ನ ಇವಳ ಕೈಗೆ ಅಂಟಿಸ್ದೆ."

ಕೊಂಡಪ್ಪ ಹೆಂಡತಿಯ ಕಡೆ ತಿರುಗಿದ. ಸಾಬರು ಟೀ ಲೋಟ ಕೆಳಗಿಟ್ಟರು.

ಓಬಳಮ್ಮ ಸೊಸೆಯ ಕಿವಿಯ ಪಕ್ಕಕ್ಕೆ ಕೈ ಒಯ್ದು ಗೂಡನ್ನು ಅಲ್ಲಾಡಿಸಿದಳು. "ಹೆಂಗಂತದೆ?"

ಮಂಗಮ್ಮನ ಕಣ್ಣು ತುಂಬಿಬಂದಿತ್ತು. ತಲೆ ಬಗ್ಗಿಸಿ ಕೇಳಿದಳು. ಹುಬ್ಬು ಗಂಟಿಕ್ಕಿದಳು. "ಗೊತ್ತಾಗ್ತಿಲ್ಲ ಅತ್ತೆ."

"ಗಮನ ಇಟ್ಟು ಕೇಳೇ."

"ಇಟ್ಟೇ ಕೇಳ್ತಾ ಇದೀನಿ. ನಿಮ್ಮ ದವಡೆ ಟಕ್ ಟಕ್ ಅಂತ ಬಡ್ಕೊಂತೈತೆ, ಗೂಡಿನ ಸದ್ದೇ ಕೇಳಿಸ್ತಿಲ್ಲ. ಮೊದ್ಲು ಹಲ್ಲು ಬಿಡಿ ಅತ್ತೆ!"

ಮೊದಲು ನಕ್ಕವರು ಸಾಬರು. ಆಮೇಲೆ ನಲ್ಲಪ್ಪ, ಆಮೇಲೆ ಕೊಂಡಪ್ಪ. ಗಂಗುಲಪ್ಪ ಬಹಳ ದಿನದ ಮೇಲೆ ಬಾಯಿಯನ್ನು ಎಡಕ್ಕೆ ಜಾರಿಸಿ, ಟಕ್ ಎನ್ನಿಸಿ, ಬಲಕ್ಕೆ ತಂದ. ಓಬಳಮ್ಮ ಅವನಿಗೆ ಹೊಡೆಯಲು ಕೈಯೆತ್ತಿ, ಎತ್ತಿದ ಕೈಯಲ್ಲಿ ಗೂಡಿದೆಯೆಂದು ನೆನಪಾಗಿ ಇಳಿಸಿದಳು.

ನಗು ನಿಂತ ಮೇಲೆ ಅವಳು ತುಟಿ ಮುಚ್ಚಿ, ಹಲ್ಲು ಸಡಿಲ ಬಿಟ್ಟು, ಹುಡುಗ ಡಾಕ್ಟರು ಹೇಳಿದಂತೆ ನಿಂತಳು. ಮತ್ತೆ ಗೂಡು ಅಲ್ಲಾಡಿಸಿದಳು.

"ಒದ್ದೆ ಬಟ್ಟೆ ಬಡಿದಂಗೈತೆ ಅತ್ತೆ," ಎಂದಳು ಮಂಗಮ್ಮ, ಈ ಸಲ ತಡವಿಲ್ಲದೆ. "ಇನ್ನೂ ಹಸಿ. ನಾಳಿದ್ದು ನೋಡಣ."

ಸಾಬರು ಒಂದು ಗೂಡು ಕಿತ್ತು ಬ್ಲೇಡಿನಿಂದ ಕೊಯ್ದರು. ಒಳಗೆ ಬೆಣ್ಣೆಯಂಥ ಹುಳ. ಅದನ್ನು ಕೊಂಡಪ್ಪನ ಅಂಗೈಗೆ ಹಾಕಿದರು.

"ಹಂಗಾರೆ ಚಂದ್ರಿಕೆ?" ಎಂದ ನಲ್ಲಪ್ಪ. ಕೊಂಡಪ್ಪ ತಾಯಿಯ ಮುಖ ನೋಡಿದ.

"ನನ್ನ ಮುಖ ಏನು ನೋಡ್ತೀಯ? ನಾಳಿದ್ದು ಅಂದ್ಳಲ್ಲ, ನಿಂಗೂ ಕಿವಿ ಕೇಳಿಸಲ್ವಾ?" ಎಂದು ಓಬಳಮ್ಮ ಮಣೆಯ ಹತ್ತಿರ ಹೋದಳು. ಕೂರಲಿಲ್ಲ. ಗೋಡೆಯ ಮಗ್ಗುಲಲ್ಲಿ ಧೂಳು ಹಿಡಿದಿದ್ದ ಇನ್ನೊಂದು ಹಳೆಯ ಮಣೆಯನ್ನು ಎಳೆದು ತಂದು, ಸೆರಗಿನಿಂದ ಒರೆಸಿ, ತನ್ನ ಮಣೆಯ ಪಕ್ಕಕ್ಕೆ ಹಾಕಿದಳು.

ಮಂಗಮ್ಮ ಇನ್ನೂ ಹೊಸ್ತಿಲ ಹೊರಗೇ ಇದ್ದಳು. "ಒಲೆ ಮೇಲೆ ಸಾರು ಐತೆ ಅತ್ತೆ. ಇಳಿಸಿ ಬರ್ತೀನಿ," ಎಂದಳು.

ಇಳಿಸಿ, ಕೈ ತೊಳೆದುಕೊಂಡು, ಹೊಸ್ತಿಲು ದಾಟಿ ಬಂದಳು.